ಸ್ಟಿಕ್ಕರ್ 090, ಒಳಗಿರೋದು ಯಾವುದು? ಹಳೇ ಚೈನ್ ಸಾ: ಗುರುತು, ರಿಪೇರಿ, ಬೆಲೆ

ಕಾಡುಬಾರ್
ಮಾರಾಟಕ್ಕಿರುವ ಒಂದು ಹಳೇ ಸ್ಟಿಲ್ (ಜರ್ಮನಿಯ ಕಂಪನಿ) ಚೈನ್ ಸಾ, ಅಂದರೆ ಮರ ಕೊಯ್ಯುವ ಮೋಟಾರು ಗರಗಸ. ಹೊರಗಿನಿಂದ ಕಂಡದ್ದು ಇಷ್ಟು: ಸ್ಟಾರ್ಟರ್ ಕವರ್ ಮೇಲೆ 090 ಅಂತ ಮಾಡೆಲ್ ಸ್ಟಿಕ್ಕರ್, ಕಿತ್ತಳೆ ಬಣ್ಣ ಹೊಸದಾಗಿ ಹೊಡೆದದ್ದು, ಸೀರಿಯಲ್ ನಂಬರ್ ಇರಬೇಕಾದ ಜಾಗವೂ ಬಣ್ಣದಲ್ಲಿ ಮುಚ್ಚಿಹೋಗಿದೆ. ಎರಕದ ಮೇಲೆ 1106ರಿಂದ ಶುರುವಾಗುವ ನಂಬರ್ ಓದಲು ಬರುತ್ತೆ. ಹಗ್ಗ ಎಳೆದರೆ ತಿರುಗುತ್ತೆ, ಒತ್ತಡ ಕಮ್ಮಿ ಅನ್ಸುತ್ತೆ, ಕಿಡಿ ಇಲ್ಲವೇ ಇಲ್ಲ. ಮಾರುವವರು ಹೇಳೋದು "ಒರಿಜಿನಲ್ ಜರ್ಮನ್ 090". ಸೈಲೆನ್ಸರ್, ಸಿಲಿಂಡರ್ ಬಿಚ್ಚಿ ನೋಡಲು ಒಪ್ಪಿದ್ದಾರೆ. ಇದು 090 ಹೌದೋ ಅಲ್ಲವೋ, ಓಡೋ ಹಾಗೆ ಮಾಡಲು ಏನೇನು ಬೇಕು, ಎಷ್ಟು ಕೊಡಬಹುದು?

ವರ್ನಿಯರ್
ಸ್ಟಿಕ್ಕರ್ ಮರೆತುಬಿಡಿ. ಸ್ಟಿಲ್‌ನಲ್ಲಿ ಎರಕದ ನಂಬರಿನ ಮೊದಲ ನಾಲ್ಕು ಅಂಕಿ ಕುಟುಂಬದ ಹೆಸರಿದ್ದಂತೆ. 1106 ಅಂದರೆ 070/090 ಮನೆತನ. 1108 ಅಂದರೆ 08 ಎಸ್, 1110 ಅಂದರೆ 041, 1111 ಅಂದರೆ 051, 075, 076. 1115 ಬಂದರೆ 045, 056. 1119 ಬಂದರೆ 038. 1122 ಬಂದರೆ 064, 066. 1124 ಬಂದರೆ 084, 088. ಆದರೆ ಅದು ಬಿಡಿಭಾಗದ ನಂಬರ್, ಮಾಡೆಲ್ ನಂಬರ್ ಅಲ್ಲ. 1106 ನೋಡಿ 090 ಅನ್ನೋಕಾಗಲ್ಲ, 070 ಅನ್ನೋಕೂ ಆಗಲ್ಲ.

ಎರಡಕ್ಕೂ ಸ್ಟ್ರೋಕ್ (ಪಿಸ್ಟನ್ ಮೇಲೆ ಕೆಳಗೆ ಓಡಾಡುವ ದೂರ) ಒಂದೇ, 40 ಮಿಮೀ. ವ್ಯತ್ಯಾಸ ಇರೋದು ಬೋರಿನಲ್ಲಿ, ಅಂದರೆ ಸಿಲಿಂಡರಿನ ಒಳವ್ಯಾಸದಲ್ಲಿ. 070ಕ್ಕೆ 58 ಮಿಮೀ, 090ಕ್ಕೆ 66 ಮಿಮೀ. ಲೆಕ್ಕ ಹಾಕಿ: 5.8 × 5.8 × 0.785 × 4 ಅಂದರೆ 106 ಸಿಸಿ ಹತ್ತಿರ. 6.6 ಹಾಕಿದರೆ 137. ಸಿಲಿಂಡರ್ ಎತ್ತಿ ಪಿಸ್ಟನ್ನಿನ ಸ್ಕರ್ಟ್‌ಗೆ (ಕೆಳಭಾಗದ ಸುತ್ತುಗೋಡೆಗೆ) ವರ್ನಿಯರ್ ಕ್ಯಾಲಿಪರ್ ಇಟ್ಟು ಅಳೆಯಿರಿ. 8 ಮಿಮೀ ವ್ಯತ್ಯಾಸ, ಕಣ್ಣಿಗೇ ಹೊಡೆಯುತ್ತೆ.

ಸ್ಪಾರ್ಕ್ ಪ್ಲಗ್ ತೂತಿನಿಂದ ಸೈಕಲ್ ಕಡ್ಡಿ ಇಳಿಸಿ ಸ್ಟ್ರೋಕ್ ಅಳೆದು ಮಾಡೆಲ್ ಹೇಳುವ ಪಂಡಿತರಿದ್ದಾರೆ. ಇಲ್ಲಿ ಅದು ಕೆಲಸಕ್ಕೆ ಬಾರದು. ಸ್ಟ್ರೋಕ್ ಎರಡಕ್ಕೂ ಒಂದೇ, ಜತೆಗೆ ಪ್ಲಗ್ ಓರೆಯಾಗಿ ಕೂತಿದ್ದರೆ ಅಳತೆ ಹೇಗೂ ತಪ್ಪು.

ಕಾಂಟ್ರಾ59
ಇನ್ನೊಂದು ತೊಡಕು ಸೇರಿಸ್ತೀನಿ. 070ರ ಕ್ರ್ಯಾಂಕ್‌ಕೇಸಿಗೆ (ಎಂಜಿನ್ನಿನ ಕೆಳಗಿನ ಲೋಹದ ಗೂಡು) 66 ಮಿಮೀ ಸಿಲಿಂಡರ್ ಕಿಟ್ ಹಾಕಿ 090 ಮಾಡೋದು ಮಾಮೂಲಿ. ಹಾಗಾಗಿ 66 ಬಂದರೂ "ಹುಟ್ಟಾ 090" ಅಂತ ತೀರ್ಮಾನಿಸಬೇಡಿ. 58 ಬಂದರೆ ಮಾತ್ರ ತೀರ್ಮಾನ ಖಚಿತ: ಅದು 090 ಅಲ್ಲ.

ಹಿನ್ನೆಲೆ ಗೊತ್ತಿಲ್ಲದವರಿಗೆ: ಇದು ಉಕ್ಕಿನ ಸ್ಟೀಲ್ ಅಲ್ಲ, ಆಂಡ್ರಿಯಾಸ್ ಸ್ಟಿಲ್ ಎಂಬ ಎಂಜಿನಿಯರನ ಹೆಸರು. 1926ರಲ್ಲಿ ಸ್ಟಟ್‌ಗಾರ್ಟ್‌ನಲ್ಲಿ ಶುರು, ಮೊದಲು ಮಾಡಿದ್ದು ಕರೆಂಟಿನ ಗರಗಸ. ಪೆಟ್ರೋಲಿನದ್ದು 1929ರಲ್ಲಿ. ಒಬ್ಬನೇ ಹಿಡಿದು ಕೊಯ್ಯುವಂಥ ಬಿಎಲ್ ಬಂದದ್ದು 1950ರಲ್ಲಿ, ಬಿಎಲ್‌ಕೆ 1954ರಲ್ಲಿ. ಆಮೇಲೆ 1959ರ ಕಾಂಟ್ರಾ: ಗೇರ್ ಇಲ್ಲ, ಕ್ರ್ಯಾಂಕಿನಿಂದ ನೇರ ಚೈನಿಗೆ, 106 ಸಿಸಿ, 6 ಅಶ್ವಶಕ್ತಿ, 12 ಕಿಲೋ. ಅಮೆರಿಕದಲ್ಲಿ ಅದೇ ಮಿಷನ್ನಿಗೆ ಲೈಟ್ನಿಂಗ್ ಅಂತ ಹೆಸರು. 070, 090 ಎರಡೂ ಕಾಂಟ್ರಾದ ನೇರ ಸಂತಾನ. 090 ಜಿ ಅಂತ ಗೇರ್ ಇರುವುದೂ ಬಂತು, ಅದು ಅಪರೂಪದ್ದು.

ಇನ್ನು 070ರ ಡೂಪ್ಲಿಕೇಟು. ಏಷ್ಯಾದ ಮಾರುಕಟ್ಟೆಯಲ್ಲಿ ಬಹಳ ನಕಲಾದ ಚೈನ್ ಸಾ ಇದು. ಬ್ರಾಂಡೇ ಇಲ್ಲದೆ ಬರೀ "070" ಅಂತ ಬರುವುದೂ ಉಂಟು, ಅದರ ಮೇಲೆ ಆಮೇಲೆ ಹೆಸರು ಅಂಟಿಸಿರುವುದೂ ಉಂಟು.

ಕಾಡುಬಾರ್
ಡೂಪ್ಲಿಕೇಟ್ ಅಂತ ಖಚಿತ ಮಾಡೋದು ಹೇಗೆ? ಬಣ್ಣ ಹೊಡೆದಿರೋದರಿಂದ ಎರಕದ ಮೈ ಕಾಣ್ತಿಲ್ಲ.

ಕಾಂಟ್ರಾ59
ಒಂದೇ ಗುರುತು ಸಾಲದು, ನಾಲ್ಕೈದು ಸೇರಿಸಿ ನೋಡಬೇಕು.

ಸಿಲಿಂಡರ್ ಎತ್ತಿದಾಗ ಅದರ ಬುಡ, ಪಿಸ್ಟನ್ನಿನ ಒಳಗೆ ನೋಡಿ. ಮಾಲೆ ಅಥವಾ ಕೆಎಸ್ ಗುರುತು ಇದ್ದರೆ ಅದು ಜರ್ಮನಿಯ ಪಿಸ್ಟನ್ ಕಂಪನಿಗಳದ್ದು, ಒಳ್ಳೇ ಲಕ್ಷಣ. ಸೀರಿಯಲ್ ನಂಬರಿನ ಜಾಗದ ಬಣ್ಣ ಮೆಲ್ಲಗೆ ತೆಗೆಸಿ. ಒಂಬತ್ತು ಅಂಕಿಯ ಸ್ಟಿಲ್ ನಂಬರಿನಲ್ಲಿ ಮೊದಲ ಅಂಕಿ ತಯಾರಾದ ದೇಶ ಹೇಳುತ್ತೆ: 1 ಜರ್ಮನಿ, 2 ಅಮೆರಿಕ, 3 ಬ್ರೆಜಿಲ್. ಅಲ್ಲಿಗೆ "ಜರ್ಮನ್" ಅನ್ನೋ ಮಾತಿನ ಸತ್ಯವೂ ಗೊತ್ತಾಗುತ್ತೆ. ಬ್ರೆಜಿಲ್‌ನದ್ದು ಬಂದರೆ ಡೂಪ್ಲಿಕೇಟ್ ಅಲ್ಲ, ಅದೂ ಕಂಪನಿಯದ್ದೇ. ಹೆಸರಿನ ಮುಂದೆ ಎಂಎಸ್ ಅಂತ ಇದ್ದರೆ ಈಚಿನ ಕಾಲದ್ದು. ಬರೀ ಸೊನ್ನೆಯಿಂದ ಶುರುವಾದರೆ ಹಳೇ ಹೆಸರಿಡುವ ಕ್ರಮ.

ಆಮೇಲೆ ಎರಕದ ಅಂಚು. ಕ್ಲಚ್ ಕವರ್ ಒಳಗೆ, ಟ್ಯಾಂಕಿನ ತಳದಲ್ಲಿ, ಅಂದರೆ ಯಾರೂ ನೋಡದ ಜಾಗದಲ್ಲಿ ಬೆರಳಾಡಿಸಿ. ಒರಿಜಿನಲ್‌ನಲ್ಲಿ ಅಲ್ಲೂ ಅಂಚು ನುಣುಪು, ಅಂಕಿಗಳು ಚೂಪು. ನಕಲಿನಲ್ಲಿ ಎರಡು ಅಚ್ಚು ಸೇರುವ ಗೆರೆ ಉಬ್ಬಿರುತ್ತೆ, ಅಂಕಿ ಕರಗಿದ ಬೆಲ್ಲದ ಹಾಗೆ.

ಹಳೇಕಿಡಿ
ವಿನೆಗರ್ ಪರೀಕ್ಷೆ ಯಾರೂ ಹೇಳಲಿಲ್ಲ. ಕಾಣದ ಜಾಗದಲ್ಲಿ ಸೂಜಿ ಮೊನೆಯಷ್ಟು ಕೆರೆದು ಒಂದು ಹನಿ ವಿನೆಗರ್ ಬಿಡಿ. ತಕ್ಷಣ ಸಣ್ಣ ಗುಳ್ಳೆ ಎದ್ದರೆ ಮೆಗ್ನೀಸಿಯಂ. ಸುಮ್ಮನಿದ್ದರೆ ಅಲ್ಯೂಮಿನಿಯಂ.

ವರ್ನಿಯರ್
ಪರೀಕ್ಷೆ ಸರಿ, ಆದರೆ ಅದರಿಂದ ಅಸಲಿ ನಕಲಿ ಗೊತ್ತಾಗಲ್ಲ. ನಕಲುಗಳಲ್ಲೂ ಮೆಗ್ನೀಸಿಯಂ ಎರಕ ಬರುತ್ತೆ. ಅದರ ಉಪಯೋಗವೇ ಬೇರೆ: ಯಾವುದರಿಂದ ತೊಳೆಯಬಾರದು ಅನ್ನೋದು ಗೊತ್ತಾಗುತ್ತೆ. ಹಿತ್ತಾಳೆ ಪಾತ್ರೆಗೆ ಮಾಡಿದ ಹಾಗೆ ಹುಣಸೆಹುಳಿ, ನಿಂಬೆರಸ ಅಂತ ಹೊರಟರೆ ಮೆಗ್ನೀಸಿಯಂ ಕ್ರ್ಯಾಂಕ್‌ಕೇಸ್ ಒಂದೇ ರಾತ್ರಿಯಲ್ಲಿ ಹುಳ ತಿಂದಂತಾಗುತ್ತೆ. ತುಕ್ಕು ತೆಗೆಯುವ ಫಾಸ್ಪಾರಿಕ್ ದ್ರಾವಣಗಳೂ ಅಷ್ಟೇ. ಸೀಮೆಎಣ್ಣೆ ಇಲ್ಲವೇ ಡೀಸೆಲ್, ನೈಲಾನ್ ಬ್ರಷ್, ಕೊನೆಗೆ ಸೋಪಿನ ನೀರು, ಕೂಡಲೇ ಗಾಳಿ ಹೊಡೆದು ಒಣಗಿಸೋದು. ಸಾಕು.

ಗ್ರೈಂಡರ್ ಹಚ್ಚಿ ಮೆಗ್ನೀಸಿಯಂ ಪುಡಿ ಉದುರಿಸುವವರು ಬಕೆಟ್ ಮರಳು ಪಕ್ಕದಲ್ಲಿಟ್ಟುಕೊಳ್ಳಿ. ಆ ಪುಡಿಗೆ ಬೆಂಕಿ ಹತ್ತಿದರೆ ನೀರು ಹಾಕಬಾರದು, ಹಾಕಿದರೆ ಇನ್ನೂ ಭುಗ್ಗೆನ್ನುತ್ತೆ.

ಕಾಡುಬಾರ್
ಮೊದಲ ಅಳತೆ: ಕಂಪ್ರೆಷನ್ (ಹಗ್ಗ ಎಳೆದಾಗ ಸಿಲಿಂಡರಿನಲ್ಲಿ ಏಳುವ ಒತ್ತಡ) 95 ಪಿಎಸ್‌ಐ. ಕಾರಿನ ಗೇಜ್, ಉದ್ದ ಪೈಪಿನದ್ದು.

ಹಳೇಕಿಡಿ
ಆ ಗೇಜ್ ಬಿಡಿ. ಕಾರಿನ ಗೇಜುಗಳಲ್ಲಿ ವಾಲ್ವ್ ಪೈಪಿನ ಆ ತುದಿಯಲ್ಲಿ, ಗೇಜಿನ ಹತ್ತಿರ ಇರುವುದುಂಟು. ಆಗ ಪೈಪಿನ ಒಳಜಾಗವೆಲ್ಲ ಸಿಲಿಂಡರಿನ ಜಾಗಕ್ಕೆ ಸೇರಿ ಅಳತೆ ಕಮ್ಮಿ ಬರುತ್ತೆ. ಪ್ಲಗ್ ತೂತಿಗೆ ತಿರುಗಿಸುವ ತುದಿಯಲ್ಲೇ ವಾಲ್ವ್ ಇರುವ ಗೇಜ್ ಬೇಕು. ಥ್ರಾಟಲ್ ಪೂರ್ತಿ ಒತ್ತಿ, ಡೀಕಂಪ್ರೆಷನ್ ವಾಲ್ವ್ (ಎಳೆಯುವುದು ಹಗುರಾಗಲೆಂದು ಒತ್ತಡ ಬಿಡುವ ವಾಲ್ವ್) ಮುಚ್ಚಿರಲಿ, ಮುಳ್ಳು ಏರುವುದು ನಿಲ್ಲುವ ತನಕ ಐದಾರು ಸಲ ಎಳೀರಿ. ಈ ಕಾಲದ ಸಣ್ಣ ಮಿಷನ್‌ಗಳಲ್ಲಿ 150 ಬರುತ್ತೆ ಅಂತ ಇದರಿಂದಲೂ ಅಷ್ಟೇ ನಿರೀಕ್ಷಿಸಬೇಡಿ. ಹಳೇ ದೊಡ್ಡ ಎಂಜಿನ್‌ಗಳ ಕಂಪ್ರೆಷನ್ ಅನುಪಾತವೇ ಕಮ್ಮಿ. 120ರ ಮೇಲಿದ್ದರೆ ನೆಮ್ಮದಿ, 110ಕ್ಕಿಂತ ಕೆಳಗಿದ್ದರೆ ಸೈಲೆನ್ಸರ್ ಬಿಚ್ಚಿ ನೋಡದೆ ಮಾತಾಡಬೇಡಿ.

ಒಣಸೀಲು
ಸಿಲಿಂಡರ್ ಎತ್ತುವ ಮೊದಲು ಒಂದು ಮಾತು. ಗಾಳಿ ತುಂಬಿ ಸೋರಿಕೆ ನೋಡುವ ಪ್ರೆಷರ್ ಟೆಸ್ಟ್ ಮೊದಲು ಮಾಡಿ. ಬಿಚ್ಚಿದ ಮೇಲೆ ಯಾವ ಸೀಲ್ (ಕ್ರ್ಯಾಂಕ್ ಶಾಫ್ಟಿನ ತುದಿಗಳಲ್ಲಿ ಗಾಳಿ ತಡೆಯುವ ರಬ್ಬರ್ ಬಳೆ) ಸೋರುತ್ತಿತ್ತು ಅನ್ನೋ ಸಾಕ್ಷಿ ಸಿಗಲ್ಲ, ಹೊಸ ಪಿಸ್ಟನ್ ಹಾಕಿ ಅದನ್ನೂ ಸುಟ್ಟುಕೊಳ್ಳುವವರು ಈ ಹಂತ ಬಿಟ್ಟವರೇ.

ಮಾಡುವ ಬಗೆ: ಸೈಲೆನ್ಸರ್ ಮತ್ತು ಕಾರ್ಬುರೇಟರ್ ಬಿಚ್ಚಿ. ಎಕ್ಸಾಸ್ಟ್ ಬಾಯಿಗೆ ಸೈಕಲ್ ಟ್ಯೂಬಿನ ತುಂಡು, ಅದರ ಮೇಲೆ ದಪ್ಪ ತಗಡು, ಅದೇ ಬೋಲ್ಟಿನಿಂದ ಬಿಗಿ. ಇನ್‌ಟೇಕ್ ಕಡೆಗೂ ಹಾಗೇ, ಆದರೆ ತಗಡಿನಲ್ಲಿ ಒಂದು ನಳಿಕೆ ಬೆಸೆದಿರಬೇಕು. ಪ್ಲಗ್ ಇರಲಿ. ಪಿಸ್ಟನ್ ಮೇಲಿನ ತುದಿಯಲ್ಲಿ ನಿಂತರೆ ಎಕ್ಸಾಸ್ಟ್ ಬಾಯಿ ಮುಚ್ಚಿರುತ್ತೆ, ಆದ್ದರಿಂದ ಒಮ್ಮೆ ಮೇಲಿಟ್ಟು ಒಮ್ಮೆ ಕೆಳಗಿಟ್ಟು ನೋಡಿ. ಕೈಪಂಪಿನಲ್ಲಿ 0.5 ಬಾರ್, ಅಂದರೆ 7 ಪಿಎಸ್‌ಐ, ಅದಕ್ಕಿಂತ ಜಾಸ್ತಿ ಬೇಡ. ಕನಿಷ್ಠ 20 ಸೆಕೆಂಡ್ ಮುಳ್ಳು ಅಲ್ಲಾಡಬಾರದು. ಇಳಿದರೆ ಸೋಪಿನ ನೊರೆ ಬಳಿಯಿರಿ: ಸಿಲಿಂಡರ್ ಬುಡ, ಕ್ರ್ಯಾಂಕ್‌ಕೇಸಿನ ಕೂಡುಗೆರೆ, ಡೀಕಂಪ್ರೆಷನ್ ವಾಲ್ವ್, ಪ್ಲಗ್ ಬುಡ, ಎರಡೂ ಬದಿಯ ಆಯಿಲ್ ಸೀಲ್.

ಇಷ್ಟಕ್ಕೇ ನಿಲ್ಲಿಸಬೇಡಿ. ಅಷ್ಟೇ ನಿರ್ವಾತವನ್ನೂ ಎಳೆದು ನೋಡಿ. ಆಯಿಲ್ ಸೀಲಿನ ತುಟಿ ಒಳಗೆ ಮುಖ ಮಾಡಿರುತ್ತೆ, ಒಳಗಿನ ಒತ್ತಡಕ್ಕೆ ಅದು ಶಾಫ್ಟಿಗೆ ಒತ್ತಿಕೊಂಡು ಮುಚ್ಚುತ್ತೆ. ನಿರ್ವಾತದಲ್ಲಿ ಬಾಯಿ ಬಿಡುತ್ತೆ. ಒತ್ತಡದಲ್ಲಿ ಪಾಸ್, ನಿರ್ವಾತದಲ್ಲಿ ಫೇಲ್ ಆಗುವ ಸೀಲುಗಳೇ ಜಾಸ್ತಿ. ಅಲ್ಲಿಂದ ಹೊರಗಾಳಿ ಒಳಗೆ ಹೋಗಿ ಮಿಶ್ರಣ ತೆಳುವಾಗುತ್ತೆ, ಪಿಸ್ಟನ್ ಬಿಸಿಯಾಗಿ ಎಕ್ಸಾಸ್ಟ್ ಕಡೆ ಗೀರು ಬೀಳುತ್ತೆ.

ಕಾಡುಬಾರ್
ಸರಿಯಾದ ಗೇಜಿನಲ್ಲಿ 105. ಒತ್ತಡ ನಿಂತಿತು. ನಿರ್ವಾತ 20 ಸೆಕೆಂಡಿನಲ್ಲಿ ಪೂರ್ತಿ ಇಳಿಯಿತು. ಮ್ಯಾಗ್ನೆಟ್ (ಕಿಡಿ ಹುಟ್ಟಿಸುವ ಫ್ಲೈವೀಲ್) ಬದಿಯ ಸೀಲಿಗೆ ಎಣ್ಣೆ ಬಳಿದರೆ ಇಳಿಯುವುದು ನಿಧಾನವಾಗುತ್ತೆ. ಸಿಲಿಂಡರ್ ಎತ್ತಿದ್ದಾಯಿತು: ಪಿಸ್ಟನ್ ಸ್ಕರ್ಟ್ 57.9 ಮಿಮೀ. ಎಕ್ಸಾಸ್ಟ್ ಬದಿಯಲ್ಲಿ ಬೆರಳಗಲ ಗೀರು, ಸಿಲಿಂಡರ್ ಗೋಡೆಗೂ ಬೂದು ಬಣ್ಣದ ಲೋಹ ಮೆತ್ತಿಕೊಂಡಿದೆ. ಇನ್‌ಟೇಕ್ ಬದಿ ಚೆನ್ನಾಗಿದೆ. ಸಿಲಿಂಡರ್ ಬುಡದಲ್ಲಿ ಕೆಎಸ್ ಗುರುತು ಇದೆ.

ವರ್ನಿಯರ್
070. ಮುಗೀತು ಆ ವಾದ. ಕೆಎಸ್ ಇರೋದರಿಂದ ಮೇಲ್ಭಾಗ ಅಸಲಿ ಅನ್ನಬಹುದು, ಉಳಿದದ್ದು ಸೀರಿಯಲ್ ನಂಬರ್ ಹೇಳಲಿ.

ಗೀರು ಓದೋದು ಹೀಗೆ: ಎಕ್ಸಾಸ್ಟ್ ಬದಿ ಮಾತ್ರ ಆದರೆ ತೆಳು ಮಿಶ್ರಣ ಅಥವಾ ಎಣ್ಣೆ ಕೊರತೆ. ಇನ್‌ಟೇಕ್ ಬದಿ ಮಾಸಿ ಸವೆದಂತಿದ್ದರೆ ಫಿಲ್ಟರ್ ದಾಟಿ ಬಂದ ದೂಳು. ಸುತ್ತ ನಾಲ್ಕು ಕಡೆ ಪಟ್ಟೆ ಬಿದ್ದಿದ್ದರೆ ತಣ್ಣಗಿನ ಎಂಜಿನ್ನಿಗೆ ಸ್ಟಾರ್ಟ್ ಮಾಡಿದ ತಕ್ಷಣ ಪೂರ್ತಿ ಗ್ಯಾಸ್ ಕೊಟ್ಟದ್ದು. ನಿಮ್ಮದು ಮೊದಲನೆಯದು, ಸೋರುವ ಸೀಲಿಗೂ ಅದಕ್ಕೂ ತಾಳೆಯಾಗುತ್ತೆ.

ಗುಜರಿರತ್ನ
ಗೋಡೆಗೆ ಮೆತ್ತಿರೋದು ಪಿಸ್ಟನ್ನಿನ ಅಲ್ಯೂಮಿನಿಯಂ. ಬಚ್ಚಲು ತೊಳೆಯೋ ಆಸಿಡ್ ಹತ್ತಿಕಡ್ಡಿಯಲ್ಲಿ ಸವರಿ, ಬುರುಗು ನಿಂತ ಮೇಲೆ ಸೋಡಾಪುಡಿ ನೀರಲ್ಲಿ ತೊಳೀರಿ. ಹೊಸ ಸಿಲಿಂಡರ್ ಖರ್ಚು ಉಳಿಯುತ್ತೆ.

ಕಾಂಟ್ರಾ59
ನಿಲ್ಲಿಸಿ, ಅದು ಈ ಮಿಷನ್ನಿಗೆ ತಪ್ಪು ಔಷಧ. ಈಚಿನ ನಿಕಾಸಿಲ್ (ನಿಕ್ಕಲ್ ಆಧಾರದ ಗಟ್ಟಿ ಲೇಪ) ಸಿಲಿಂಡರಿಗೆ ಆಸಿಡ್ ನಡೆಯುತ್ತೆ. ಆ ಕಾಲದ ಸಿಲಿಂಡರಿನ ಒಳಗೋಡೆಗೆ ಇರೋದು ಗಟ್ಟಿ ಕ್ರೋಮ್. ಹೈಡ್ರೋಕ್ಲೋರಿಕ್ ಆಸಿಡ್ ಕ್ರೋಮನ್ನೇ ಕರಗಿಸುತ್ತೆ, ಕ್ರೋಮ್ ಪ್ಲೇಟಿಂಗ್ ಅಂಗಡಿಯಲ್ಲಿ ಹಳೇ ಲೇಪ ಕಳಚೋದೇ ಅದರಲ್ಲಿ.

ಕ್ರೋಮಿಗೆ ಕಾಸ್ಟಿಕ್ ಸೋಡಾ. ಅರ್ಧ ಲೋಟ ತಣ್ಣೀರಿಗೆ ಎರಡು ಚಮಚ, ಸೋಡಾವನ್ನು ನೀರಿಗೆ ಹಾಕಬೇಕು, ನೀರನ್ನು ಸೋಡಾಕ್ಕೆ ಅಲ್ಲ. ಅಲ್ಯೂಮಿನಿಯಂ ಪಾತ್ರೆ ಬೇಡ. ಹತ್ತಿಕಡ್ಡಿ ಅದ್ದಿ ಮೆತ್ತಿದ ಪಟ್ಟೆಯ ಮೇಲೆ ಮಾತ್ರ ಸವರಿ. ಅಲ್ಯೂಮಿನಿಯಂ ಗುಳ್ಳೆಗುಳ್ಳೆಯಾಗಿ ಕರಗುತ್ತೆ, ಕ್ರೋಮ್ ಅಲ್ಲಾಡಲ್ಲ. ಎರಡು ನಿಮಿಷಕ್ಕೊಮ್ಮೆ ಒರೆಸಿ ಮತ್ತೆ ಸವರಿ. ಕಡ್ಡಿ ಪೋರ್ಟಿನ (ಸಿಲಿಂಡರ್ ಗೋಡೆಯ ಕಿಂಡಿಯ) ಅಂಚು ಮುಟ್ಟಬಾರದು, ಅಲ್ಲಿ ಲೇಪದ ಕೆಳಗಿನ ಅಲ್ಯೂಮಿನಿಯಂ ಬೆತ್ತಲೆ. ಗೋಡೆಯ ಒಂದು ಜಾಗದಲ್ಲಿ ಎಷ್ಟು ಒರೆಸಿದರೂ ಗುಳ್ಳೆ ನಿಲ್ಲಲೇ ಇಲ್ಲ ಅಂದರೆ ಅಲ್ಲಿ ಕ್ರೋಮ್ ಹೋಗಿದೆ ಅಂತ ಅರ್ಥ. ಆ ಸಿಲಿಂಡರ್ ಮುಗೀತು. ಗ್ಲೌಸ್, ಕನ್ನಡಕ ಇಲ್ಲದೆ ಇದಕ್ಕೆ ಕೈ ಹಾಕಬೇಡಿ.

ಗುಜರಿರತ್ನ
ಒಪ್ಪಿದೆ, ಕ್ರೋಮ್ ಅನ್ನೋದು ಗಮನಿಸಲಿಲ್ಲ. ಹಾಗಾದರೆ ಬೋರ್ ಹೊಡೆಸಿ (ಒಳಗೋಡೆ ಕೊರೆದು ಅಗಲ ಮಾಡಿಸಿ) ಓವರ್‌ಸೈಜ್ ಪಿಸ್ಟನ್?

ವರ್ನಿಯರ್
ಕ್ರೋಮ್ ಸಿಲಿಂಡರಿಗೆ ಬೋರಿಂಗೂ ಇಲ್ಲ, ಹೋನಿಂಗೂ (ಕಲ್ಲಿನಿಂದ ಉಜ್ಜೋದು) ಇಲ್ಲ. ಲೇಪ ಕೂದಲೆಳೆಯಷ್ಟು ದಪ್ಪವೂ ಇರಲ್ಲ. ಬೋರ್ ಹೊಡೆಸುವ ಲೆಕ್ಕ ನಡೆಯೋದು ಎರಕದ ಕಬ್ಬಿಣದ ಸ್ಲೀವ್ ಇರುವ ಹಳೇ ದೊಡ್ಡ ಮೆಕಲಕ್ (ಅಮೆರಿಕದ ಬ್ರಾಂಡ್) ಚೈನ್ ಸಾಗಳಲ್ಲಿ.

ಪಿಸ್ಟನ್ ಹಾಕುವಾಗ: ತಲೆಯ ಮೇಲಿನ ಬಾಣ ಎಕ್ಸಾಸ್ಟ್ ಕಡೆಗೆ. ರಿಂಗಿನ ಬಾಯಿ ಅದು ಕೂರುವ ತೋಡಿನ ಪಿನ್ನಿಗೆ ಸರಿಯಾಗಿ ಕೂರಬೇಕು. ತಿರುವುಮುರುವಾದರೆ ರಿಂಗ್ ತುದಿ ಪೋರ್ಟಿಗೆ ಸಿಕ್ಕಿ ಮುರಿಯುತ್ತೆ. ಗಜನ್ ಪಿನ್ನಿನ (ಪಿಸ್ಟನ್ನನ್ನು ಕನೆಕ್ಟಿಂಗ್ ರಾಡಿಗೆ ಕೂಡಿಸುವ ಪಿನ್) ಸರ್ಕ್ಲಿಪ್ ಹಳೇದು ಮತ್ತೆ ಹಾಕಬಾರದು, ಅದರ ಬಾಯಿ ಪಿಸ್ಟನ್ ಓಡಾಡುವ ದಿಕ್ಕಿಗೆ, ಅಂದರೆ ನೇರ ಮೇಲೆ ಅಥವಾ ನೇರ ಕೆಳಗೆ ಇರಲಿ. ಅಡ್ಡ ಇಟ್ಟರೆ ವೇಗದಲ್ಲಿ ಕುಗ್ಗಿ ಹಾರಿಹೋಗುತ್ತೆ.

ಒಣಸೀಲು
ಸೀಲ್ ಬದಲಿಸುವ ವಿಷಯ. ಹಳೇ ಸೀಲಿನ ಮುಖದ ಮೇಲೆ ಮೂರು ಅಂಕಿ ಇರುತ್ತೆ: ಒಳವ್ಯಾಸ, ಹೊರವ್ಯಾಸ, ದಪ್ಪ, ಎಲ್ಲ ಮಿಮೀ. ಆ ಚೀಟಿ ಹಿಡಿದು ಬೇರಿಂಗ್ ಅಂಗಡಿಗೆ ಹೋದರೆ ಸಾಕು, "070 ಸೀಲ್" ಅಂತ ಕೇಳಿದರೆ ಸಿಗೋದು ಯಾವುದೋ. ಪೆಟ್ರೋಲಿಗೆ ತಡೆಯುವ ವೈಟಾನ್ ರಬ್ಬರಿನದ್ದು ಸಿಕ್ಕರೆ ಅದೇ ತಗೊಳ್ಳಿ.

ಮ್ಯಾಗ್ನೆಟ್ ನಟ್ಟು ಮಾಮೂಲಿ ಮರೆ (ಥ್ರೆಡ್). ಕ್ಲಚ್ ಕಡೆ ಹೋದರೆ ಜೋಪಾನ, ಚೈನ್ ಸಾಗಳಲ್ಲಿ ಅದು ಸಾಮಾನ್ಯವಾಗಿ ಎಡ ಮರೆ, ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿದರೆ ಬಿಚ್ಚುತ್ತೆ. ಕ್ರ್ಯಾಂಕ್ ತಿರುಗದಂತೆ ನಿಲ್ಲಿಸಲು ಪ್ಲಗ್ ತೂತಿನೊಳಗೆ ನೈಲಾನ್ ಹಗ್ಗ ತುರುಕಿ. ಆದರೆ ಪಿಸ್ಟನ್ ಎಕ್ಸಾಸ್ಟ್ ಬಾಯಿ ದಾಟಿ ಮೇಲೆ ಬಂದ ಮೇಲೆ ತುರುಕಬೇಕು. ಇಲ್ಲದಿದ್ದರೆ ಹಗ್ಗ ಪೋರ್ಟಿನೊಳಗೆ ಇಳಿದು ಪಿಸ್ಟನ್ ಅಂಚಿಗೆ ಕತ್ತರಿಸಿಕೊಳ್ಳುತ್ತೆ. ಸ್ಕ್ರೂಡ್ರೈವರ್ ತುರುಕುವ ಚಾಳಿ ಇರುವವರು ಪಿಸ್ಟನ್ ತಲೆಗೆ ತೂತು ಮಾಡಿಯೇ ಬಿಡುವುದು. ಮ್ಯಾಗ್ನೆಟ್ ಕೀಳಲು ಪುಲ್ಲರ್ ಬಳಸಿ, ರೆಕ್ಕೆಗೆ ಸುತ್ತಿಗೆ ಬೇಡ. ಹೊಸ ಸೀಲ್ ಕೂರಿಸುವಾಗ ಶಾಫ್ಟಿನಲ್ಲಿ ಕೀಲಿ ಕೂರುವ ತೋಡಿನ ಮೇಲೆ ಟೇಪ್ ಒಂದು ಸುತ್ತು, ತುಟಿಗೆ ಗ್ರೀಸು, ತುಟಿ ಒಳಮುಖ. ಆಮೇಲೆ ನಿರ್ವಾತ ಪರೀಕ್ಷೆ ಮತ್ತೊಮ್ಮೆ.

ಹಳೇಕಿಡಿ
ಮ್ಯಾಗ್ನೆಟ್ ಹೇಗೂ ಕೀಳ್ತೀರಲ್ಲ, ಕಿಡಿಯ ರೋಗವೂ ಅಲ್ಲೇ ಇದೆ. ಪಾಯಿಂಟ್ಸ್ (ಕಿಡಿಗಾಗಿ ಕರೆಂಟನ್ನು ಕೂಡಿಸಿ ಬಿಡಿಸುವ ಸಣ್ಣ ಸ್ವಿಚ್) ಅದರ ಹಿಂದೆ.

ನೂರಕ್ಕೆ ಎಂಬತ್ತು ಸಲ ಪಾಯಿಂಟ್ಸ್ ಮುಖಕ್ಕೆ ಕಿಲುಬು ಕಟ್ಟಿರುತ್ತೆ ಅಷ್ಟೇ, ಇದು ನನ್ನ ಅಂದಾಜು. ಸಣ್ಣ ಪಾಯಿಂಟ್ಸ್ ಅರದಿಂದ ಎರಡು ಸಲ ಉಜ್ಜಿ, ಬಿಳಿ ಕಾಗದವನ್ನು ಸ್ಪಿರಿಟಿನಲ್ಲಿ ಅದ್ದಿ ಎರಡು ಮುಖದ ನಡುವೆ ಎಳೀರಿ. ಕಾಗದ ಬಿಳಿಯಾಗಿ ಹೊರಬರುವವರೆಗೆ ಎಳೀರಿ. ಹೊಸ ಪಾಯಿಂಟ್ಸ್ ಹಾಕಿದರೂ ಇದೇ ಮಾಡಬೇಕು, ತುಕ್ಕು ಹಿಡಿಯದಿರಲೆಂದು ಹಚ್ಚಿದ ಎಣ್ಣೆ ಇರುತ್ತೆ. ಪಾಯಿಂಟ್ಸ್ ಪೂರ್ತಿ ತೆರೆದಾಗ ಫಿಲ್ಲರ್ ಗೇಜಿನಲ್ಲಿ 0.35ರಿಂದ 0.40 ಮಿಮೀ. ಕ್ಯಾಮಿಗೆ ತಾಗುವ ಫೆಲ್ಟ್ ತುಂಡಿಗೆ ಒಂದೇ ಹನಿ ಎಣ್ಣೆ. ಎರಡು ಹನಿ ಹಾಕಿದರೆ ಹಾರಿ ಪಾಯಿಂಟ್ಸಿಗೆ ಕೂರುತ್ತೆ.

ಪಾಯಿಂಟ್ಸ್ ಎಲ್ಲಿ ತೆರೆಯುತ್ತೆ ಅಂತ ಮಲ್ಟಿಮೀಟರಿನ ಬಜರಿನಿಂದ ನೋಡಲು ಹೋಗಿ ಬಜರ್ ನಿಲ್ಲುತ್ತಲೇ ಇಲ್ಲ ಅಂತ ತಲೆ ಕೆಡಿಸಿಕೊಳ್ಳುವವರಿದ್ದಾರೆ. ಕಾಯಿಲಿನ ಪ್ರೈಮರಿ ಸುತ್ತು ಪಾಯಿಂಟ್ಸಿಗೆ ಸಮಾನಾಂತರ, ಅದರ ರೋಧ ತೀರಾ ಕಮ್ಮಿ, ಬಜರಿಗೆ ಅದೂ ಶಾರ್ಟೇ. ಕಾಯಿಲಿನ ವಯರ್ ಬಿಚ್ಚಿ ನೋಡಿ.

ಪಾಯಿಂಟ್ಸ್ ನಡುವೆ ನೀಲಿ ಕಿಡಿ ಜೋರಾಗಿ ಹಾರುತ್ತಿದ್ದರೆ, ಮುಖ ಬೇಗ ಕಪ್ಪಾಗುತ್ತಿದ್ದರೆ ಕಂಡೆನ್ಸರ್ ಹೋಗಿದೆ. ತಣ್ಣಗಿದ್ದಾಗ ಓಡಿ, ಬಿಸಿಯಾದ ಮೇಲೆ ನಿಂತು, ಅರ್ಧ ಗಂಟೆ ಬಿಟ್ಟರೆ ಮತ್ತೆ ಓಡುವ ಚಾಳಿ ಇದ್ದರೆ ಕಂಡೆನ್ಸರ್ ಇಲ್ಲವೇ ಕಾಯಿಲ್. ಪ್ಲಗ್ ಗ್ಯಾಪ್ 0.5 ಮಿಮೀ.

ಪಾಯಿಂಟ್ಸ್ ಬದಲು ಹಾಕುವ ಎಲೆಕ್ಟ್ರಾನಿಕ್ ಚಿಪ್ ಸಿಗುತ್ತೆ. ಕೆಲಸಕ್ಕೆ ಇಟ್ಟುಕೊಳ್ಳುವವರು ಧಾರಾಳ ಹಾಕಿ. ಸಂಗ್ರಹಕಾರರಿಗೆ ಮಾರುವುದಾದರೆ ಹಾಕಬೇಡಿ, ಹಾಕಿದರೂ ಹಳೇ ಪಾಯಿಂಟ್ಸ್ ಡಬ್ಬಿಯಲ್ಲಿಟ್ಟು ಜತೆಗೆ ಕೊಡಿ.

ಗುಜರಿರತ್ನ
ಕಾರ್ಬುರೇಟರ್ ಟಿಲ್ಲಟ್ಸನ್ ಕಂಪನಿಯ ಎಚ್‌ಎಲ್ ಮಾದರಿ. ಚೌಕಾಕಾರದ ಕೆಳತಟ್ಟೆ ಬಿಚ್ಚಿದರೆ ಪೆಟ್ರೋಲ್ ಅಳೆದು ಬಿಡುವ ಮೀಟರಿಂಗ್ ಡಯಾಫ್ರಾಂ (ತೆಳು ಪೊರೆ), ಪಂಪ್ ಡಯಾಫ್ರಾಂ ಎರಡೂ ಒಂದರ ಮೇಲೊಂದು. ಬಿಚ್ಚುವಾಗಲೇ ಫೋಟೊ ತೆಗೆದಿಡಿ. ಮೀಟರಿಂಗ್ ಕಡೆ ಬಾಡಿಗೆ ಮೊದಲು ಗ್ಯಾಸ್ಕೆಟ್, ಆಮೇಲೆ ಡಯಾಫ್ರಾಂ. ತಿರುವಿದರೆ ಪೆಟ್ರೋಲ್ ಒಳಬಿಡುವ ಲಿವರಿನ ಎತ್ತರ ಗ್ಯಾಸ್ಕೆಟ್ ದಪ್ಪದಷ್ಟು ಬದಲಾಗುತ್ತೆ, ಎಷ್ಟು ಟ್ಯೂನ್ ಮಾಡಿದರೂ ಕೂರಲ್ಲ. ಲಿವರ್ ಚೇಂಬರಿನ ತಳಕ್ಕೆ ಸಮನಾಗಿರಬೇಕು, ಉಕ್ಕಿನ ಸ್ಕೇಲ್ ಅಡ್ಡ ಇಟ್ಟು ನೋಡಿ. ಎತ್ತರ ಇದ್ದರೆ ಪೆಟ್ರೋಲ್ ಜಾಸ್ತಿಯಾಗಿ ಫ್ಲಡ್, ತಗ್ಗಿದ್ದರೆ ಪೆಟ್ರೋಲ್ ಸಾಲದೆ ಹಸಿವು. ಲಿವರಿನ ಕೆಳಗಿನ ಸ್ಪ್ರಿಂಗ್ ಎಳೆದು ಉದ್ದ ಮಾಡಬೇಡಿ.

ಹಳೇ ಡಯಾಫ್ರಾಂ ಬೆರಳಿಗೆ ಹಿಡಿದು ಅಲ್ಲಾಡಿಸಿ. ಹಪ್ಪಳದ ಹಾಗೆ ಸದ್ದು ಬಂದರೆ ಬದಲಿಸಿ, ಬೇರೆ ಪರೀಕ್ಷೆ ಬೇಡ.

ಎಚ್ (ಹೆಚ್ಚು ವೇಗದ್ದು), ಎಲ್ (ಕಮ್ಮಿ ವೇಗದ್ದು) ಎರಡೂ ಸ್ಕ್ರೂ ಮೆಲ್ಲಗೆ ಮುಚ್ಚಿ ಒಂದು ಸುತ್ತು ತೆರೆದು ಶುರು ಮಾಡಿ.

ಕಾಂಟ್ರಾ59
ಇಲ್ಲಿ ಬಹಳ ಜನ ಹೊಸ ಪಿಸ್ಟನ್ ಕಳಕೊಂಡಿರುವ ವಿಷಯ: ಗವರ್ನರ್. 070, 090ಗಳ ಹಲವು ಕಾರ್ಬುರೇಟರುಗಳಲ್ಲಿ ವೇಗ ಮಿತಿ ಮೀರಿದಾಗ ತಾನಾಗಿ ಹೆಚ್ಚುವರಿ ಪೆಟ್ರೋಲ್ ಸುರಿಯುವ ಸಣ್ಣ ವಾಲ್ವ್ ಇದೆ. ಭಾರ ಇಲ್ಲದೆ ಪೂರ್ತಿ ಗ್ಯಾಸ್ ಕೊಟ್ಟರೆ "ಬ್ರೊ ಬ್ರೊ ಬ್ರೊ" ಅಂತ ತೊದಲುತ್ತೆ. ಸಾಮಾನ್ಯ ಚೈನ್ ಸಾದಲ್ಲಿ ಆ ಸದ್ದು ಬಂದರೆ ಮಿಶ್ರಣ ದಪ್ಪ ಅಂತ ಎಚ್ ಸ್ಕ್ರೂ ಮುಚ್ತೀವಿ. ಇದರಲ್ಲಿ ಹಾಗೆ ಮಾಡಿದರೆ ಗವರ್ನರ್ ಮತ್ತಷ್ಟು ಸುರಿದು ಅದೇ ತೊದಲು ಉಳಿಸುತ್ತೆ, ನೀವು ಮತ್ತೂ ಮುಚ್ತೀರಿ. ಮರಕ್ಕೆ ಹಚ್ಚಿದಾಗ ವೇಗ ಇಳಿದು ಗವರ್ನರ್ ಬಾಯಿ ಮುಚ್ಚುತ್ತೆ, ಆಗ ಒಳಗೆ ಹೋಗೋದು ನೀವು ಬಿಗಿಮಾಡಿಟ್ಟ ತೆಳು ಮಿಶ್ರಣ ಮಾತ್ರ. ಅಲ್ಲಿಗೆ ಎಕ್ಸಾಸ್ಟ್ ಬದಿ ಗೀರು. ಮೇಲಿನ ಪಿಸ್ಟನ್ನಿಗೆ ಸೀಲಿನ ಜತೆ ಇದೂ ಸೇರಿದ್ದರೆ ಆಶ್ಚರ್ಯವಿಲ್ಲ.

ಇದನ್ನು ಮರದೊಳಗೆ ಟ್ಯೂನ್ ಮಾಡಬೇಕು. ದಪ್ಪ ದಿಮ್ಮಿಗೆ ಬಾರ್ (ಚೈನ್ ಸುತ್ತ ಓಡುವ ಉದ್ದ ಪಟ್ಟಿ) ಮುಳುಗಿಸಿ, ಭಾರದಲ್ಲಿ ಸದ್ದು ಸ್ವಚ್ಛವಾಗಿ, ಎತ್ತಿದ ಕೂಡಲೇ ತೊದಲಬೇಕು. ಪ್ಲಗ್ ತೆಗೆದು ನೋಡಿ, ಕಾಫಿಪುಡಿ ಬಣ್ಣ ಇರಲಿ.

ಕಾಡುಬಾರ್
ಪೆಟ್ರೋಲಿಗೆ ಬೆರೆಸುವ ಎಣ್ಣೆ ಎಷ್ಟು? ಹಳೇ ಪುಸ್ತಕದಲ್ಲಿ 25ಕ್ಕೆ 1 ಅಂತಿದೆ, ಈಗಿನ ಡಬ್ಬಿ ಮೇಲೆ 50ಕ್ಕೆ 1.

ಒಣಸೀಲು
25ಕ್ಕೆ 1 ಅಂದರೆ ಲೀಟರಿಗೆ 40 ಮಿಲೀ, ಅದು ಆ ಕಾಲದ ಎಣ್ಣೆಗೆ. 50ಕ್ಕೆ 1 ಅಂದರೆ 20 ಮಿಲೀ. ಜಾಸೊ ಎಫ್‌ಡಿ (ಜಪಾನಿನ ಮಾನದಂಡ) ದರ್ಜೆಯ ಟೂ ಸ್ಟ್ರೋಕ್ ಎಣ್ಣೆ ಲೀಟರಿಗೆ 25ರಿಂದ 30 ಮಿಲೀ ಹಾಕಿ, ನಿದ್ದೆ ಬರುತ್ತೆ. ಅನುಪಾತ ಬದಲಿಸಿದರೆ ಟ್ಯೂನ್ ಮತ್ತೆ ಮಾಡಬೇಕು: ಎಣ್ಣೆ ಹೆಚ್ಚಾದಷ್ಟೂ ಅದೇ ಜೆಟ್ಟಿನಲ್ಲಿ ಪೆಟ್ರೋಲ್ ಕಮ್ಮಿ ಹೋಗುತ್ತೆ, ಮಿಶ್ರಣ ತೆಳುವಾಗುತ್ತೆ. ಬಹಳ ಮಂದಿ ಇದನ್ನು ಉಲ್ಟಾ ತಿಳಿದಿದ್ದಾರೆ.

ಎಣ್ಣೆಗಿಂತ ದೊಡ್ಡ ತಲೆನೋವು ನಮ್ಮ ಬಂಕುಗಳ ಇ20. ಶೇ 20 ಎಥನಾಲ್, ಆ ಕಾಲದ ರಬ್ಬರ್ ಪೈಪು, ಡಯಾಫ್ರಾಂ ಇದಕ್ಕೆಂದು ಮಾಡಿದ್ದಲ್ಲ. ಮಲೆನಾಡಿನ ಮಳೆಗಾಲದಲ್ಲಿ ಅರ್ಧ ಟ್ಯಾಂಕ್ ಬಿಟ್ಟರೆ ಎಥನಾಲ್ ಗಾಳಿಯ ತೇವ ಹೀರಿ ನೀರಿನ ಜತೆ ತಳಕ್ಕೆ ಇಳಿಯುತ್ತೆ, ಆ ತಳದಲ್ಲಿ ಎಣ್ಣೆ ಇಲ್ಲ, ಪಿಕಪ್ ಪೈಪಿನ ಬಾಯಿ ಇರೋದೂ ಅಲ್ಲೇ. ಕೆಲಸ ಮುಗಿದ ದಿನ ಟ್ಯಾಂಕ್ ಖಾಲಿ ಮಾಡಿ, ಕಾರ್ಬುರೇಟರ್ ಒಣಗಿ ತಾನಾಗಿ ನಿಲ್ಲುವವರೆಗೆ ಓಡಿಸಿ. ಪೈಪು ವೈಟಾನ್ ದರ್ಜೆಯದ್ದು ಹಾಕಿ.

ವ್ಯಾಂಕೂವರ್‌ಬೀವರ್
ಬೆಲೆ ವಿಷಯಕ್ಕೆ ಬರೋಣ. ಕೆನಡಾ, ಅಮೆರಿಕ, ಜರ್ಮನಿಯ ಮಾರುಕಟ್ಟೆ ನೋಡಿದರೆ ವಯಸ್ಸಿಗೂ ಬೆಲೆಗೂ ನೇರ ಸಂಬಂಧ ಇಲ್ಲ. 1963ರ ಹೋಮ್‌ಲೈಟ್ ಎಕ್ಸ್‌ಎಲ್-12 ಇತಿಹಾಸದಲ್ಲಿ ದೊಡ್ಡ ಹೆಸರು, ಆದರೆ ಎಷ್ಟೊಂದು ತಯಾರಾಯಿತು ಅಂದರೆ ಅಗ್ಗವಾಗೇ ಸಿಗುತ್ತೆ. ಬೆಲೆ ಏರಿಸೋದು ಮೂರು: ಮೊದಲನೆಯದಾಗಿ ಇವತ್ತಿಗೂ ಕೆಲಸಕ್ಕೆ ಬೇಕಾದ ದೊಡ್ಡ ಸಿಸಿ, 090, ಮೆಕಲಕ್ ಎಸ್‌ಪಿ125 ಇವು ದಿಮ್ಮಿ ಸೀಳಿ ಹಲಗೆ ಮಾಡುವವರಿಗೆ ಬೇಕು. ಎರಡನೆಯದು ಒಂದು ಬ್ರಾಂಡಿನ ಚರಿತ್ರೆಯ ತಿರುವು, ಉದಾಹರಣೆಗೆ 1949ರ ಮೆಕಲಕ್ 3-25, 1954ರ ಜಾನ್ಸೆರೆಡ್ ರಾಕೆಟ್, 1959ರ ಹುಸ್ಕ್‌ವರ್ನಾ 90. ಮೂರನೆಯದು ಊರಿನ ಅಭಿಮಾನ. ಐಇಎಲ್ ಕಂಪನಿಯ ಚೈನ್ ಸಾಗಳು ಹುಟ್ಟಿದ್ದು ಇಲ್ಲಿ ವ್ಯಾಂಕೂವರಿನಲ್ಲಿ, ಅವುಗಳಿಗೆ ಇಲ್ಲಿ ಸಿಗುವ ಮರ್ಯಾದೆ ಜರ್ಮನಿಯಲ್ಲಿ ಸಿಗಲ್ಲ.

ಹುಸ್ಕ್‌ವರ್ನಾ ಕೊಳ್ಳುವವರಿಗೆ ಒಂದು ಕೀಲಿಕೈ: ಎಂಬತ್ತು ತೊಂಬತ್ತರ ದಶಕದ ಏಳಂಕಿ ಸೀರಿಯಲ್‌ನಲ್ಲಿ ಮೊದಲ ಅಂಕಿ ವರ್ಷದ ಕೊನೆಯಂಕಿ, ಮುಂದಿನ ಎರಡು ವಾರ. 4 ಅಂದರೆ 84 ಆಗಬಹುದು, 94 ಆಗಬಹುದು, ದಶಕ ಹೇಳೋದು ಮಾಡೆಲ್. ಹೋಮ್‌ಲೈಟ್‌ಗೆ ತಗಡಿನ ಮೇಲಿನ ಯುಟಿ ನಂಬರ್ ನೋಡಿ, ಕವರಿನ ಹೆಸರಲ್ಲ. ಕವರ್ ಬದಲಾಯಿಸೋದು ಸುಲಭ.

ಗುಜರಿರತ್ನ
070ಕ್ಕೆ ನನ್ನ ಲೆಕ್ಕ ಇದು. ಅದೇ ಮಾಡೆಲಿನ ಅಸಲಿ, ಓಡುವ ಮಿಷನ್ ಮಾರಾಟವಾದ ಬೆಲೆ ಹುಡುಕಿ, ಕೇಳಿದ ಬೆಲೆ ಬೇಡ. ಅದರಲ್ಲಿ ಪಿಸ್ಟನ್ ಕಿಟ್, ಎರಡು ಸೀಲ್, ಡಯಾಫ್ರಾಂ ಕಿಟ್, ಪಾಯಿಂಟ್ಸ್, ಪೈಪು ಇಷ್ಟರ ಖರ್ಚು ಕಳೀರಿ. ಉಳಿದದ್ದರಲ್ಲಿ ಇನ್ನೂ ಮೂರನೇ ಒಂದು ಕಳೀರಿ, ಒಳಗೆ ಕಾಣದೇ ಇರುವ ಬೇರಿಂಗಿಗೆ. ಸಿಲಿಂಡರಿನ ಕ್ರೋಮ್ ಹೋಗಿದ್ದರೆ ಅಸಲಿ ಸಿಲಿಂಡರ್ ಬೆಲೆಯನ್ನೇ ಕಳೀರಿ, ನಕಲಿ ಕಿಟ್ ಬೆಲೆ ಹಿಡಿದು ಮೋಸಹೋಗಬೇಡಿ.

ಹೊಸ ಬಣ್ಣಕ್ಕೆ ಪೈಸೆ ಜಾಸ್ತಿ ಕೊಡಬೇಡಿ.

ವ್ಯಾಂಕೂವರ್‌ಬೀವರ್
ಕೊಡಬಾರದು ಅಷ್ಟೇ ಅಲ್ಲ, ಬಣ್ಣಕ್ಕೆ ಬೆಲೆ ಕಳೀಬೇಕು. ಉದುರಿದ ಮೂಲ ಬಣ್ಣ, ಮಾಸಿದ ಮೂಲ ಸ್ಟಿಕ್ಕರ್ ಇರುವ ಕಾಂಟ್ರಾ ಮುಂದೆ ಫಳಫಳ ಬಣ್ಣದ ಕಾಂಟ್ರಾ ಸಂಗ್ರಹಕಾರರ ಕಣ್ಣಿಗೆ ಬೀಳಲ್ಲ. ಬಣ್ಣದ ಕೆಳಗೆ ಬಿರುಕು ಮುಚ್ಚಿರುವ ಅನುಮಾನ ಬೇರೆ: ಹ್ಯಾಂಡಲ್ ಕೂರುವ ಜಾಗ, ಬಾರ್ ಬೋಲ್ಟಿನ ಬುಡ ಕೆರೆದು ನೋಡಿ.

ಮೂಲ ಬಾರ್, ಮೂಲ ಸೈಲೆನ್ಸರ್, ಮುಂದಿನ ಮುಳ್ಳುಹಲ್ಲು ಇದ್ದರೆ ಅದಕ್ಕೆ ಬೇರೆ ಬೆಲೆ. ಐವತ್ತರ ದಶಕದ ಮಿಷನ್ ಆದರೆ ಹಳೇ ಕೆರೆಯುವ ಹಲ್ಲಿನ ಚೈನ್ ಇದ್ದರೆ ಬಿಸಾಡಬೇಡಿ. ಈಗ ಎಲ್ಲೆಡೆ ಇರುವ ಕೊಕ್ಕೆಹಲ್ಲಿನ ಚೈನ್ ಜೋಸೆಫ್ ಕಾಕ್ಸ್ ಅನ್ನುವವನು ಮರ ಕೊರೆಯುವ ಹುಳದ ದವಡೆ ನೋಡಿ 1947ರಲ್ಲಿ ಮಾರುಕಟ್ಟೆಗೆ ತಂದದ್ದು. ಅದಕ್ಕೂ ಹಿಂದಿನ ಮಾದರಿಯ ಚೈನ್ ಸಿಗೋದು ಕಷ್ಟ.

ವರ್ನಿಯರ್
ಕೆಲಸಕ್ಕೆ ಇಳಿಸುವುದಾದರೆ 070ಕ್ಕೆ .404 ಇಂಚು ಪಿಚ್ (ಕೊಂಡಿಗಳ ಅಂತರದ ಅಳತೆ), 1.6 ಮಿಮೀ ಗೇಜ್ (ಬಾರಿನ ತೋಡಿಗೆ ಇಳಿಯುವ ಕೊಂಡಿಯ ದಪ್ಪ) ಚೈನು, ಹಲ್ಲು ಹರಿತ ಮಾಡಲು 5.5 ಮಿಮೀ ದುಂಡು ಅರ. ಬಾರಿನ ತೋಡು 1.5 ಮಿಮೀ ಇದ್ದರೆ 1.6ರ ಚೈನು ಇಳಿಯಲ್ಲ, 1.6ರ ತೋಡಿನಲ್ಲಿ 1.5ರ ಚೈನು ವಾಲಿ ವಾಲಿ ಕೊಯ್ಯುತ್ತೆ. ತೋಡು ಅಳೆದೇ ಚೈನು ತನ್ನಿ. ಇದಕ್ಕೆ ಚೈನ್ ಬ್ರೇಕ್ ಇಲ್ಲ, ಬಾರಿನ ತುದಿ ಗಟ್ಟಿ ಮರಕ್ಕೆ ತಾಗಿ ಹಿಂದಕ್ಕೆ ಹಾರಿದರೆ ತಡೆಯುವವರು ಯಾರೂ ಇಲ್ಲ. ನೆಲದಲ್ಲಿ ಬಿದ್ದ ದಿಮ್ಮಿ ತುಂಡು ಮಾಡಲು ಮಾತ್ರ ಇಟ್ಟುಕೊಳ್ಳಿ, ಮರ ಹತ್ತಿ ಕೊಂಬೆ ಕಡಿಯಲು ಅಲ್ಲ.

ಕಾಡುಬಾರ್
ಸೀರಿಯಲ್ ಜಾಗದ ಬಣ್ಣ ತೆಗೆಸಿದೆ. ಒಂಬತ್ತಂಕಿ, ಮೊದಲನೆಯದು 3. ಕಾಸ್ಟಿಕ್ ಸವರಿದ ಮೇಲೆ ಕ್ರೋಮ್ ಪೂರ್ತಿ ಉಳಿದಿದೆ, ಪೋರ್ಟಿನ ಮೇಲಂಚಿನಲ್ಲಿ ಉಗುರಿಗೆ ಸಿಗುವ ಏಣು ಇಲ್ಲ. ಹಾಗಾದರೆ ಬ್ರೆಜಿಲಿನ ಅಸಲಿ 070, ಸಿಲಿಂಡರ್ ಉಳಿಯುತ್ತೆ, ಪಿಸ್ಟನ್, ಸೀಲು, ಕಿಟ್ಟು ಹೊಸದು ಅನ್ನೋ ಲೆಕ್ಕದಲ್ಲಿ ಬೆಲೆ ಹೇಳ್ತೀನಿ. ಆ 090 ಸ್ಟಿಕ್ಕರ್ ತೆಗೆಯೋದು ಹೇಗೆ? ಥಿನ್ನರ್?

ಕಾಂಟ್ರಾ59
ಥಿನ್ನರ್ ಬೇಡ, ಕೆಳಗೆ ಮೂಲ ಬಣ್ಣವೋ ಹಳೇ ಗುರುತೋ ಉಳಿದಿದ್ದರೆ ಅದನ್ನೂ ತಿನ್ನುತ್ತೆ. ಕೂದಲು ಒಣಗಿಸುವ ಡ್ರೈಯರಿನಿಂದ ಒಂದು ನಿಮಿಷ ಬಿಸಿ ಮಾಡಿ, ಹಳೇ ಎಟಿಎಂ ಕಾರ್ಡಿನ ಮೂಲೆಯಿಂದ ಒಂದು ಅಂಚು ಎಬ್ಬಿಸಿ, ಮೇಲ್ಮೈಗೆ ಸಮಾನಾಂತರವಾಗಿ ಹಿಂದಕ್ಕೆ ಮಡಚಿಕೊಂಡು ನಿಧಾನ ಎಳೀರಿ. ಉಳಿದ ಅಂಟಿಗೆ ಕೊಬ್ಬರಿ ಎಣ್ಣೆ ಹಚ್ಚಿ ಹತ್ತು ನಿಮಿಷ ಬಿಟ್ಟು ಒರೆಸಿ. ಕೆಳಗೆ ಏನು ಕಾಣ್ತು ಅಂತ ಫೋಟೊ ಹಾಕಿ.